ಪೂಜೆಗಿಟ್ಟ ಜೀಪು: ಏಳನೆಯ ಕಂತು

"ಆರೂ ಸೆಲ್ಲು ಒಂದ ಸಮ ಸತ್ತಾವ್ರಿ ಸಾಹೇಬ್ರ," ಅಂದ ಬ್ಯಾಟರಿ ಮಿಸ್ತ್ರಿ ಕೆಂಚಣ್ಣ. "ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಅದ ನನಗ ಸರಿ ಕಾಣವಲ್ದು."

ಕುರುಗೋಡಿನ ದೊಡ್ಡಬಸಪ್ಪನ ಅಂಗಳದಲ್ಲಿ ಬಾನೆಟ್ಟು ಎತ್ತಿ ನಿಲ್ಲಿಸಿದ್ದ ಜೀಪಿನ ಮೇಲೆ ಅವನು ಬಗ್ಗಿದ್ದ. ಕೈಯಲ್ಲಿ ಆಸಿಡ್ ಅಳೆಯುವ ಗಾಜಿನ ನಳಿಗೆ. ಅದರೊಳಗಿನ ತೇಲುಬುರುಡೆ ತಳ ಹಿಡಿದು ಕೂತಿತ್ತು.

"ಸತ್ತೈತಿ ಅಂತ ನಾನೂ ಹೇಳೀನಲ್ಲೋ ಮಾರಾಯ," ಅಂದರು ಸಬ್ ಇನ್ಸ್‌ಪೆಕ್ಟರ್ ಮರಿಬಸಪ್ಪ. "ಅದನ್ನ ಒಂದು ಕಾಗದದಾಗ ಬರ್ದು ಸಹಿ ಹಾಕು ಅಂತಾನ ನಿನ್ನ ಬಳ್ಳಾರಿಯಿಂದ ಕರ್ಕೊಂಡು ಬಂದಿದ್ದು."

"ಮುದುಕಾಗಿ ಸತ್ತ ಬ್ಯಾಟರಿಯಾಗ ಒಂದು ಸೆಲ್ಲು ಮೊದ್ಲು ಹೋಗ್ತೈತ್ರಿ. ಉಳಿದವು ಆಮ್ಯಾಲೆ. ಇದು ಹಂಗಿಲ್ಲ. ಇದರ ರಕ್ತ ಯಾರೋ ಹೀರ್ಯಾರ."

ಮೂರು ದಿನದ ಹಿಂದೆ, ಆಯುಧಪೂಜೆಯ ಸಂಜೆ, ಹಚ್ಚೊಳ್ಳಿಯ ಕಾಲುವೆ ಏರಿಯ ಮೇಲೆ ತೂಬಿನ ಕಾವಲುಗಾರ ಮಲ್ಲಯ್ಯನನ್ನು ಯಾವುದೋ ಗಾಡಿ ಹಾಯ್ದು ಕೊಂದಿತ್ತು. ಹೆಣದ ಪಕ್ಕ ಸಿಕ್ಕಿಬಿದ್ದ ಲಾರಿ ಡ್ರೈವರ್ ಎರ್ರೆಪ್ಪ ಈಗ ಬಳ್ಳಾರಿಯ ಲಾಕಪ್ಪಿನಲ್ಲಿದ್ದ. ನಾಳೆ ಹತ್ತೂವರೆಗೆ ಅವನು ಕೋರ್ಟಿನಲ್ಲಿ ನಿಲ್ಲಬೇಕು.

ಮಲ್ಲಯ್ಯ ಸತ್ತರೆ ಹಾಲು ಕುಡಿದಷ್ಟು ಸಂತೋಷಪಡುವ ಮನುಷ್ಯ ಆ ಸೀಮೆಯಲ್ಲಿ ಒಬ್ಬನೇ ಇದ್ದ, ಅವನು ಇದೇ ದೊಡ್ಡಬಸಪ್ಪ. ಕಾಲುವೆ ಒಡೆದು ತನ್ನ ಗದ್ದೆಗೆ ನೀರು ತಿರುಗಿಸಿಕೊಂಡದ್ದನ್ನು ಮಲ್ಲಯ್ಯ ಇಂಜಿನಿಯರರಿಗೆ ಬರೆದು ಕೊಟ್ಟಿದ್ದ. ಕೇರಿಯವನು ತನ್ನ ಮೇಲೆ ಅರ್ಜಿ ಬರೆಯುವಷ್ಟು ಕಾಲ ಕೆಟ್ಟಿತಲ್ಲ ಎಂದು ಸಾವ್ಕಾರ ನಡುಸಂತೆಯಲ್ಲಿ ನಿಂತು ಅಂದಿದ್ದ.

ಆದರೆ ಸಾವ್ಕಾರನ ಜೀಪು ನವಮಿಯ ಮುಂಜಾನೆ ಪೂಜೆಗೆ ನಿಂತಿತ್ತು. ಪೂಜೆಗಿಟ್ಟದ್ದನ್ನು ದಶಮಿಯವರೆಗೆ ಯಾರೂ ಮುಟ್ಟುವುದಿಲ್ಲ. ಕುಡುಗೋಲು, ನೇಗಿಲು, ಹಜಾಮನ ಕತ್ತರಿ ಕೂಡ ಆ ದಿನ ಕುಂಕುಮ ಹಚ್ಚಿಸಿಕೊಂಡು ಸುಮ್ಮನೆ ಕೂರುತ್ತವೆ. ದಶಮಿಯ ದಿನ ಮರಿಬಸಪ್ಪ ಬಂದು ಕೀಲಿ ತಿರುವಿದಾಗ ಜೀಪು 'ಟಿಕ್' ಅಂತಲೂ ಅನ್ನಲಿಲ್ಲ, ಮುಂದಿನಿಂದ ಹ್ಯಾಂಡಲ್ಲು ಸುತ್ತಿದರೂ ಇಂಜಿನ್ನು ಹತ್ತಲಿಲ್ಲ. ನಾಲ್ಕು ಗಾಲಿಯ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟಹಾಗೇ ಇದ್ದವು. ಸತ್ತ ಗಾಡಿ ಹಚ್ಚೊಳ್ಳಿಗೆ ಹೋಗಿ ಬರುವುದುಂಟೇ?

ಹಬ್ಬದ ದಿನ ಪೂಜೆ ಮುರಿದು ಗಾಡಿ ಹೊರಗೆ ತೆಗೆದವನು ಎರ್ರೆಪ್ಪ ಒಬ್ಬನೇ. ಅದೂ ಇದೇ ಸಾವ್ಕಾರನ ಲಾರಿ. ಯಾಕೆ ತೆಗೆದೆ ಅಂದರೆ ಬಾಯಿ ಬಿಡುತ್ತಿರಲಿಲ್ಲ.

ಮರಿಬಸಪ್ಪನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಡ್ರೈವರ್ ಆಗುವ ಮೊದಲು ಎರ್ರೆಪ್ಪ ಆರು ವರ್ಷ ಕೆಂಚಣ್ಣನ ಬ್ಯಾಟರಿ ಅಂಗಡಿಯಲ್ಲಿ ಕೆಲಸ ಕಲಿತವನು. ಅವನ ಹೆಂಡತಿ ಹಂಪಮ್ಮ ನಿನ್ನೆ ಇಡೀ ದಿನ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಳು, ಅಳಲಿಲ್ಲ, ನೀರೂ ಮುಟ್ಟಲಿಲ್ಲ. ಏಳುವಾಗ ಅವಳ ತಲೆಯ ಮೇಲೆ ಕೈಯಿಟ್ಟು "ನಿನ್ನ ಗಂಡನ್ನ ತರ್ತೀನಿ ತಂಗಿ" ಅಂದುಬಿಟ್ಟಿದ್ದ ಕೆಂಚಣ್ಣ. ಅನ್ನುವುದು ಸುಲಭ.

ಚಹಾ ಬಂತು. ಸಬ್ ಇನ್ಸ್‌ಪೆಕ್ಟರಿಗೂ ಪೊಲೀಸ್ ಜೀಪಿನ ಡ್ರೈವರ್ ಗವಿಸಿದ್ದಪ್ಪನಿಗೂ ಪಿಂಗಾಣಿ ಕಪ್ಪು. ಕೆಂಚಣ್ಣನಿಗೆ ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದ ಗಾಜಿನ ಲೋಟ. ಕುಡಿದಾದ ಮೇಲೆ ತಾನೇ ತೊಳೆದು ಅಲ್ಲೇ ಸಿಕ್ಕಿಸಬೇಕು. ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಪಾಪದ ಮನುಷ್ಯ ಮಲ್ಲಯ್ಯ," ಅಂದ ದೊಡ್ಡಬಸಪ್ಪ, ಹೊರಸಿನ ಮೇಲೆ ಕೂತು. ಮಾತು ಬೆಣ್ಣೆಯಷ್ಟು ಮೆತ್ತಗೆ. "ನನ್ನ ಲಾರಿನ ಅವನ ಮ್ಯಾಲೆ ಹೋತಲ್ಲ ಅಂತ ಹೊಟ್ಟಿ ಉರೀತೈತಿ. ಎರ್ರೆಪ್ಪಗ ಕುಡಿಯೋ ಚಟ ಐತಿ ಅಂತ ನನಗ ಗೊತ್ತಿರ್ಲಿಲ್ಲ."

ಎರ್ರೆಪ್ಪ ಹೆಂಡದ ವಾಸನೆಗೇ ಮೂಗು ಮುಚ್ಚುವವನು. ಕೆಂಚಣ್ಣ ಹಲ್ಲು ಕಚ್ಚಿ ಜೀಪಿನ ಕೆಳಗೆ ಹೊಕ್ಕ. ಸ್ಟಾರ್ಟರಿನ ವೈರು ಎಲ್ಲಾದರೂ ತಗುಲಿಕೊಂಡಿದೆಯೇ ನೋಡುವುದಿತ್ತು.

ವೈರು ಸರಿಯಾಗಿತ್ತು. ಹೊರಗೆ ಬರುವಾಗ ಎಡಗಡೆಯ ಮುಂದಿನ ಗಾಲಿ ಮುಖದ ಹತ್ತಿರವೇ ಬಂತು. ಟೈರಿನ ಗೀರಿನಲ್ಲಿ ಏನೋ ಬೆಳ್ಳಗೆ ಕಂಡಿತು. ಉಗುರಿನಿಂದ ಕೆದಕಿ ತೆಗೆದ. ನಿಂಬೆಬೀಜ. ಪಕ್ಕದ ಗೀರಿನಲ್ಲಿ ಒಣಗಿದ ಸಿಪ್ಪೆ, ಅದಕ್ಕೆ ಮೆತ್ತಿದ ಕುಂಕುಮ. ಗಾಲಿಯ ಕೆಳಗೆ ಮಾತ್ರ ನಿಂಬೆಹಣ್ಣು ಇಡಿಯಾಗಿ, ಗುಂಡಗೆ ಕೂತಿತ್ತು.

"ಸಾವ್ಕಾರ್ರ, ನವಮಿಯಿಂದ ಗಾಡಿ ಅಲುಗ್ಯಾಡಿಲ್ಲ ಅಂದ್ರಿ ಅಲ್ಲ?"

"ಒಂದು ಗೇಣೂ ಇಲ್ಲ."

"ಮತ್ತ ಈ ಬೀಜ? ಟೈರಿನ್ಯಾಗ ಐತ್ರಿ."

ದೊಡ್ಡಬಸಪ್ಪ ಕಣ್ಣು ಮಿಟುಕಿಸಲಿಲ್ಲ. "ಅಮಾಸಿ ಪೂಜಿಗೂ ನಿಂಬಿಹಣ್ಣು ಇಡ್ತೀವಿ. ಅವತ್ತಿಂದು ಇರಬೇಕು."

"ಅಮಾಸಿಯಾಗಿ ಹನ್ನೆರಡು ದಿನ ಆತ್ರಿ. ನವಮಿ ತನಕ ರೋಡು ತಿರುಗಿದ ಟೈರಿನ್ಯಾಗ ಕಲ್ಲು ಉಳೀಬಹುದು. ನಿಂಬಿಬೀಜ, ಅದೂ ಕುಂಕುಮದ ಸಮೇತ ಉಳೀತಾವೇನ್ರಿ?"

"ಕೆಂಚಣ್ಣಾ," ಅಂದರು ಮರಿಬಸಪ್ಪ, ದನಿ ತಗ್ಗಿಸಿ. ಕೆಟ್ಟ ಮನುಷ್ಯರಲ್ಲ ಅವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿ. "ನಿಂಬಿಬೀಜ ಹಿಡ್ಕೊಂಡು ಕೋರ್ಟಿಗೆ ಹೋದ್ರ ಜಡ್ಜು ಪಾನಕ ಮಾಡ್ಕೊಂಡು ಕುಡಿ ಅಂತಾರ. ಬ್ಯಾಟರಿ ಸತ್ತದ್ದು ನಾ ಕಣ್ಣಾರೆ ನೋಡೀನಿ. ಅದಕ್ಕ ಉತ್ತರ ಐತೇನು?"

"ಹುಡುಕೂಣ್ರಿ. ಗವಿಸಿದ್ದಪ್ಪನೋರ, ನಾ ತಂದ ಬ್ಯಾಟರಿ ಸ್ವಲ್ಪ ಇಳಿಸಿ ಕೊಡ್ರಿ."

ಗವಿಸಿದ್ದಪ್ಪ ನಗುನಗುತ್ತಾ ಇಳಿಸಿಕೊಟ್ಟ. ಮುಂಜಾನೆಯಿಂದ ಪಾನಾ ಹಿಡಿದು, ವೈರು ಹಿಡಿದು, ಬೀಡಿ ಹಚ್ಚಿ ಕೊಟ್ಟು ಜೊತೆಗಿದ್ದವನು. ಕೆಂಚಣ್ಣನ ಜೊತೆ ಅಷ್ಟು ಸಲಿಗೆಯಿಂದ ಇದ್ದ ಪೊಲೀಸ್ ಇನ್ನೊಬ್ಬನಿರಲಿಲ್ಲ.

ಸತ್ತ ಬ್ಯಾಟರಿ ಬಿಚ್ಚಿ ಪಕ್ಕಕ್ಕಿಟ್ಟು, ಆ ಜಾಗದಲ್ಲಿ ತುಂಬಿದ ಬ್ಯಾಟರಿ ಕೂರಿಸಿದ ಕೆಂಚಣ್ಣ. ಒಂದು ಕ್ಲ್ಯಾಂಪು ಹಾಕಿದ. ಇನ್ನೊಂದನ್ನು ಹಾಕದೆ ನಡುವೆ ಹೆಡ್‌ಲೈಟಿನ ಹಳೇ ಬಲ್ಬೊಂದನ್ನು ವೈರಿನಿಂದ ಸೇರಿಸಿದ. ಕೀಲಿ ಸಾವ್ಕಾರನ ಜೇಬಿನಲ್ಲಿತ್ತು, ಎಲ್ಲ ಸ್ವಿಚ್ಚೂ ಬಂದಾಗಿದ್ದವು. ಸರಿಯಾದ ಗಾಡಿಯಲ್ಲಿ ಆ ಬಲ್ಬು ಹತ್ತಬಾರದು.

ಹತ್ತಿತು. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲೂ ಕಣ್ಣು ಕುಕ್ಕುವಂತೆ ಹತ್ತಿತು.

"ನೋಡ್ರಿ ಸಾಹೇಬ್ರ. ಗಾಡಿ ನಿಂತೈತಿ, ಕೀಲಿ ಇಲ್ಲ, ಆದ್ರೂ ಯಾವುದೋ ಬಾಯಿ ಕರೆಂಟು ಕುಡಿಯಾಕ ಹತ್ತೈತಿ."

ಒಂದೊಂದೇ ವೈರು ಕಿತ್ತ. ದೀಪದ ವೈರು ಕಿತ್ತ, ಬಲ್ಬು ಉರಿಯುತ್ತಲೇ ಇತ್ತು. ಹಾರನ್ನಿನದು ಕಿತ್ತ, ಉರಿಯುತ್ತಿತ್ತು. ಡೈನಮೊಗೆ ಹೋಗುವ ದಪ್ಪ ವೈರು ಕಿತ್ತ ಕೂಡಲೇ ಬಲ್ಬು ಆರಿತು. ಕೆಂಚಣ್ಣ ಡೈನಮೊಕ್ಕೆ ಮೂಗು ಹಚ್ಚಿದ. ಸುಟ್ಟ ಅರಗಿನ ವಾಸನೆ ಇನ್ನೂ ಇತ್ತು.

"ಕಾಲುವಿ ತೂಬು ಇದ್ದಂಗ ಇದ್ರಾಗೂ ಒಂದು ತೂಬು ಐತ್ರಿ, ಕಟೌಟು ಅಂತಾರ. ಇಂಜಿನ್ನು ಓಡೂವಾಗ ಡೈನಮೊದಿಂದ ಬ್ಯಾಟರಿಗೆ ಕರೆಂಟು ಬಿಡ್ತೈತಿ. ಇಂಜಿನ್ನು ನಿಂತ್ರ ತೂಬು ಬಂದ್. ಅದು ಬಂದ್ ಆಗ್ಲಿಲ್ಲ ಅಂದ್ರ ಬ್ಯಾಟರಿಯಾಗಿಂದೆಲ್ಲ ಡೈನಮೊಕ್ಕ ವಾಪಸ್ ಹರೀತೈತಿ. ದೀಪಿಲ್ಲ, ಸಪ್ಪಳಿಲ್ಲ. ಯಾರಿಗೂ ಗೊತ್ತಾಗಂಗಿಲ್ಲ."

"ಎಷ್ಟೊತ್ತು ಬೇಕು ಖಾಲಿ ಆಗಾಕ?"

"ಮೂರು ತಾಸು. ನಾಕಾದ್ರ ಹೆಚ್ಚು."

ಮರಿಬಸಪ್ಪ ಟೋಪಿ ತೆಗೆದು ಹಣೆ ಒರೆಸಿಕೊಂಡರು. ಅವರಿಗೂ ಲೆಕ್ಕ ಹತ್ತಿತ್ತು. ಸಂಜೆ ಹಚ್ಚೊಳ್ಳಿಗೆ ಹೋಗಿ, ಮನೆಗೆ ಬಂದು, ಆಮೇಲೆ ಕಟೌಟು ಅಂಟಿಸಿಟ್ಟರೂ ಬೆಳಗಾಗುವುದರೊಳಗೆ ಬ್ಯಾಟರಿ ಸತ್ತಿರುತ್ತದೆ. ಸತ್ತ ಬ್ಯಾಟರಿ ಈಗ ಯಾರಿಗೂ ಸಾಕ್ಷಿಯಲ್ಲ.

ದೊಡ್ಡಬಸಪ್ಪ ಹೊರಸಿನಿಂದ ಎದ್ದು ಬಂದ. ಹೆಗಲ ಮೇಲಿನ ವಲ್ಲಿ ಜಾರಿದ್ದು ಅವನಿಗೆ ಗೊತ್ತಾಗಲಿಲ್ಲ.

"ತಾನಾಗೇ ಅಂಟಿರಬಹುದಲ್ಲ?" ಅಂದ. "ಅರವತ್ತೆಂಟನೇ ಇಸವಿ ಗಾಡಿ."

"ಅಂಟಬಹುದ್ರಿ. ಅಂಟಿದ್ರ ಒಳಗ ಸುಟ್ಟ ಗುರುತು ಇರ್ತೈತಿ."

ಕೆಂಚಣ್ಣ ಕಟೌಟಿನ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿದ. ಕರೆಂಟು ಕೂಡಿಸುವ ಎರಡು ಪಾಯಿಂಟುಗಳು ಹೊಸ ಕಾಸಿನಂತೆ ಹೊಳೆಯುತ್ತಿದ್ದವು, ಸುಟ್ಟಿರಲಿಲ್ಲ. ಅವನ್ನು ಒತ್ತಿ ಹಿಡಿದಿದ್ದು ಒಂದು ಬಿದಿರು ಕಡ್ಡಿ. ಬೆರಳ ಗೆಣ್ಣಿನುದ್ದ, ಒಂದು ತುದಿ ಕೆಂಪು. ಊದುಬತ್ತಿಯ ಮೋಟು.

ಯಾರೋ ಬೇಕೆಂದೇ ಇಟ್ಟದ್ದು! ಕೂಗಬೇಕು ಅನ್ನಿಸಿತು ಕೆಂಚಣ್ಣನಿಗೆ. ಬಾಯಿ ತೆರೆದಿದ್ದ ಕೂಡ. ಅಷ್ಟರಲ್ಲಿ ಕಡ್ಡಿಯ ಇನ್ನೊಂದು ತುದಿ ಕಣ್ಣಿಗೆ ಬಿತ್ತು.

ತುದಿಯನ್ನು ಹಲ್ಲಿನಿಂದ ಜಗಿದು ಚಪ್ಪಟೆ ಮಾಡಿದ್ದರು. ಡೈನಮೊ ಪರೀಕ್ಷೆಗೆ ಕಟೌಟು ಒತ್ತುವಾಗ ಬೇರೆ ಮಿಸ್ತ್ರಿಗಳು ಬೆರಳು ಬಳಸುತ್ತಾರೆ. ಕೆಂಚಣ್ಣನ ಅಂಗಡಿಯಲ್ಲಿ ಮಾತ್ರ ದೇವರ ಪಟದ ಮುಂದೆ ಉಳಿದ ಊದುಬತ್ತಿ ಮೋಟು. ಜಗಿದರೆ ಜಾರುವುದಿಲ್ಲ ಅಂತ ಕಂಡುಹಿಡಿದವನೂ ಕೆಂಚಣ್ಣನೇ. ಚಪ್ಪಟೆಯ ನಡುವೆ ಒಂದು ಕಡೆ ಬಿದಿರು ಜಗಿಯದೆ ಗಂಟಾಗಿ ಉಳಿದಿತ್ತು. ಇಂಜಿನ್ನಿನ ಹ್ಯಾಂಡಲ್ಲು ತಿರುಗಿ ಬಡಿದು ಮುಂದಿನ ಹಲ್ಲು ಅರ್ಧ ಮುರಿದವನು ಜಗಿದರೆ ಹಾಗೆ ಉಳಿಯುತ್ತದೆ. ಆ ಹ್ಯಾಂಡಲ್ಲು ಬಡಿದ ದಿನ ಎರ್ರೆಪ್ಪನ ಬಾಯಿಗೆ ಹತ್ತಿ ಒತ್ತಿ ಹಿಡಿದವನು ಕೆಂಚಣ್ಣನೇ.

ಯಾರನ್ನು ಬಿಡಿಸಲು ಬಂದನೋ ಅವನ ಹಲ್ಲಿನ ಗುರುತೇ ಕೈಗೆ ಸಿಕ್ಕಿತ್ತು. ಸಾವ್ಕಾರನ ಜೀಪಿಗೆ ಸುಳ್ಳು ಸಾವು ತಂದುಕೊಟ್ಟವನು ಎರ್ರ್ಯಾನೇ? ಹಾಗಾದರೆ ಇಬ್ಬರೂ ಕೂಡಿಯೇ ಮಲ್ಲಯ್ಯನನ್ನು ತೆಗೆದರೇ?

"ಏನದು ಕೆಂಚಣ್ಣ, ಕೈಯಾಗ?" ಪಕ್ಕದಲ್ಲೇ ನಿಂತಿದ್ದ ಗವಿಸಿದ್ದಪ್ಪ ಕೇಳಿದ.

"ಕಸ." ಮುಷ್ಟಿ ಜೇಬಿಗೆ ಹೋಯಿತು.

"ಹೇಳಪ್ಪಾ, ತಾನಾಗಿ ಅಂಟಿದ್ದೋ, ಯಾರಾದ್ರೂ ಅಂಟಿಸಿದ್ದೋ?" ಅಂದರು ಮರಿಬಸಪ್ಪ.

ಹುಟ್ಟಿದಂದಿನಿಂದ ಕೆಲಸದ ವಿಷಯದಲ್ಲಿ ಸುಳ್ಳು ಹೇಳಿದವನಲ್ಲ ಕೆಂಚಣ್ಣ. ಹೆಂಡತಿಗೆ ಹೇಳಿದ್ದಾನೆ, ದೇವರಿಗೂ ಒಂದೆರಡು ಸಲ ಹೇಳಿದ್ದಾನೆ, ಗಾಡಿಗೆ ಹೇಳಿಲ್ಲ.

"ನಾಳೆ ಮುಂಜಾನೆ ಬರ್ದು ಕೊಡ್ತೀನ್ರಿ. ಅದಕ್ಕೂ ಮೊದ್ಲು ಒಂದು ಐದು ನಿಮಿಷ ಎರ್ರೆಪ್ಪನ್ನ ನೋಡಬೇಕು. ನಿಮ್ಮ ಕಾಲಿಗೆ ಬೀಳ್ತೀನಿ."

ಮರಿಬಸಪ್ಪ ಆಗಲಿ ಎಂದು ತಲೆಯಾಡಿಸಿದರು. ಕೆಂಚಣ್ಣ ಲೋಟ ತೊಳೆಯುವುದನ್ನು ಮರೆತು, ತನ್ನ ಬ್ಯಾಟರಿ ಬಿಚ್ಚಿಕೊಂಡು ಪೊಲೀಸ್ ಜೀಪು ಹತ್ತಿದ.

*

ಬಳ್ಳಾರಿ ಮುಟ್ಟುವಾಗ ನಾಲ್ಕು ಗಂಟೆ. ಮರಿಬಸಪ್ಪ ಸರ್ಕಾರಿ ವಕೀಲರನ್ನು ಕಾಣಲು ದಾರಿಯಲ್ಲೇ ಇಳಿದರು. ಲಾಕಪ್ಪಿನ ಬೀಗ ತೆಗೆದವನು ಗವಿಸಿದ್ದಪ್ಪ. "ಐದು ನಿಮಿಷ ಅಂದ್ರ ಐದ," ಎಂದು ಬಾಗಿಲ ಹತ್ತಿರ ಸ್ಟೂಲು ಎಳೆದುಕೊಂಡು ಕೂತ.

ಎರ್ರೆಪ್ಪ ಗೋಡೆಗೆ ಒರಗಿದ್ದ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಕೆಲಸ ಕಲಿಸಿದ ಉಸ್ತಾದನನ್ನು ಕಂಡು ಏಳಲು ಹೋಗಿ ಪಕ್ಕೆ ಹಿಡಿದುಕೊಂಡು ಕೂತ.

ಕೆಂಚಣ್ಣ ಕುಶಲ ಕೇಳಲಿಲ್ಲ. ಕಡ್ಡಿ ತೆಗೆದು ಅಂಗೈಯಲ್ಲಿ ಹಿಡಿದ.

"ಇದು ಯಾರ ಹಲ್ಲಲೇ?"

ಎರ್ರೆಪ್ಪ ನೋಡಿದ. ತಲೆ ತಗ್ಗಿಸಿದ.

"ಆರು ವರ್ಷ ನನ್ನ ಮನಿ ಅನ್ನ ಉಂಡಿ. ನಾ ಕಲಿಸಿದ ವಿದ್ಯಾ, ನನ್ನ ದೇವರ ಮುಂದಿನ ಕಡ್ಡಿ! ಒಬ್ಬ ಬಡವನ್ನ ಕೊಂದು ಬಂದವರ ಗಾಡಿ ಮುಚ್ಚಿಡಾಕ ಇದನ್ನ ಹಚ್ಚಿದೆಲ್ಲಲೇ. ಅಲ್ಲಿ ಹಂಪಮ್ಮ ನೀರು ಬಿಟ್ಟು ಕುಂತಾಳ. ನಾ ಏನಂತ ಹೇಳ್ಲಿ ಆಕಿಗೆ?"

"ಉಸ್ತಾದ್, ಮುಚ್ಚಿಡಾಕ ಅಲ್ಲ."

"ಮತ್ತ್ಯಾಕ?"

"ನಿಲ್ಲಸಾಕ."

ಕೆಂಚಣ್ಣ ಕಡ್ಡಿ ಹಿಡಿದ ಕೈ ಮಡಚಿದ.

"ನವಮಿ ಮುಂಜಾನೆ ಎಲ್ಲಾ ಗಾಡಿ ಪೂಜಿ ಆತು," ಅಂದ ಎರ್ರೆಪ್ಪ. ತುಟಿ ಒಡೆದಿದ್ದರಿಂದ ಮಾತು ನಿಧಾನ ಬರುತ್ತಿತ್ತು. "ನಾ ಗೋದಾಮಿನ ಹಿಂದ ಕೈ ತೊಳ್ಯಾಕ ಹೋಗಿದ್ದೆ. ಒಳಗ ಸಾವ್ಕಾರ ಮಾತಾಡ್ತಿದ್ದ. ಇವತ್ತ ಸಂಜೀಕ ಮಲ್ಲಯ್ಯಂದು ಮುಗೀಬೇಕು, ಜೀಪು ನಾನ ಹೊಡೀತೀನಿ, ಪೂಜಿಗಿಟ್ಟ ಗಾಡಿ ಅಂದ್ರ ಯಾರಿಗೂ ಸಂಶ್ಯ ಬರಂಗಿಲ್ಲ ಅಂತ. ಆ ಮನಿ ಉಪ್ಪು ತಿಂತೀನಿ, ಎದುರು ನಿಂತು ಬ್ಯಾಡ ಅನ್ನಾಕ ನಾ ಯಾರು? ಅದಕ್ಕ ಎಲ್ಲಾರೂ ಪ್ರಸಾದಕ್ಕ ಕುಂತಾಗ ಕಟೌಟಿಗೆ ಕಡ್ಡಿ ಇಟ್ಟೆ. ಮಧ್ಯಾಹ್ನದೊಳಗ ಬ್ಯಾಟರಿ ಖಾಲಿ ಆಗ್ತೈತಿ, ಹಬ್ಬದ ದಿನ ಮಿಸ್ತ್ರಿ ಸಿಗಂಗಿಲ್ಲ, ಮಲ್ಲಯ್ಯ ಉಳೀತಾನ ಅಂದ್ಕೊಂಡೆ."

"ಲಾರಿ ಯಾಕ ತಗದಿ?"

"ಮಲ್ಲಯ್ಯಗ ಹೇಳಾಕ. ಹಚ್ಚೊಳ್ಳಿಗೆ ಹೋದ್ರ ಅವ ಇರ್ಲಿಲ್ಲ, ಹಬ್ಬದ ಊಟಕ್ಕ ಅಕ್ಕನ ಊರಿಗೆ ಹೋಗಿದ್ದ. ಸಂಜಿ ತನಕ ಏರಿ ಮ್ಯಾಲೆ ಕಾದೆ. ಆ ಕಡಿ ದಂಡ್ಯಾಗ ಒಂದು ಗಾಡಿ ಸಪ್ಪಳ ಆತು. ಓಡಿ ಹೋದ್ರ..." ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಇನ್ನಾ ಜೀವ ಇತ್ತು. ನನ್ನ ತೊಡಿ ಮ್ಯಾಲ ಹೋತು."

ಕೆಂಚಣ್ಣನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಈ ಹುಡುಗನ ಬಗ್ಗೆ ಎಂಥದ್ದನ್ನು ನೆನೆಸಿಬಿಟ್ಟೆ!

"ಇದನ್ನೆಲ್ಲ ಸಾಹೇಬ್ರಿಗೆ ಯಾಕ ಹೇಳ್ಲಿಲ್ಲಲೇ ಮಗನೇ?"

"ಏನಂತ ಹೇಳ್ಲಿ? ಮಧ್ಯಾಹ್ನಕ್ಕ ಜೀಪಿನ ಬ್ಯಾಟರಿ ನಾನ ಸಾಯಿಸೀನಿ ಅಂತ? ಹಂಗಾದ್ರ ಸಂಜಿಗೆ ಆ ಜೀಪು ಹೆಂಗ ಹೋತು ಅಂತ ಕೇಳ್ತಾರ. ಸಾವ್ಕಾರನ ಪರವಾಗಿ ಮೊದಲ ಸಾಕ್ಷಿ ನಾನ ಆಗ್ತೀನಿ, ಉಸ್ತಾದ್. ಹೋಗಿದ್ದು ಅದ ಜೀಪು. ಆ ಸಪ್ಪಳ ನನಗ ಗೊತ್ತು. ಹೆಂಗ ಹೋತು, ಅದು ಮಾತ್ರ ಗೊತ್ತಿಲ್ಲ."

ಅನ್ನ ಹಾಕಲು ಹೋದವನ ಕೈಯೇ ಸುಟ್ಟಂತಾಗಿತ್ತು. ಅವನು ಮಲ್ಲಯ್ಯನಿಗಾಗಿ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಕೊಂದವನ ಬೆನ್ನಿಗೆ ನಿಂತಿತ್ತು.

"ಇನ್ನೊಂದು ಬ್ಯಾಟರಿ," ಅಂದ ಕೆಂಚಣ್ಣ ಮೆಲ್ಲಗೆ. "ಬೇರೆ ಬ್ಯಾಟರಿ ತಂದು ಹಾಕ್ಯಾರ. ಇಂಜಿನ್ನು ಓಡೂ ತನಕ ನಿನ್ನ ಕಡ್ಡಿ ಅಡ್ಡ ಬರಂಗಿಲ್ಲ. ಬಂದ ಮ್ಯಾಲೆ ಸತ್ತದ್ದನ್ನ ವಾಪಸ್ ಕೂರಿಸ್ಯಾರ, ಹೊಸ ನಿಂಬಿಹಣ್ಣು ಇಟ್ಟಾರ. ಎಲ್ಲಿಂದ ತಂದ್ರು ಅನ್ನೋದು ಸಿಕ್ರ ನೀ ಹೊರಗ. ಅವತ್ತ ಗೋದಾಮಿನ್ಯಾಗ ಸಾವ್ಕಾರ ಯಾರ ಜೊತಿ ಮಾತಾಡ್ತಿದ್ದ?"

"ಮುಖ ಕಾಣ್ಲಿಲ್ಲ. 'ಆಗ್ಲಿರಿ, ಎಲ್ಲಾ ನಾ ನೋಡ್ಕೊಂತೀನಿ' ಅಂದ. ದನಿ ಮಾತ್ರ..."

"ಟೈಮಾತು," ಅಂದ ಗವಿಸಿದ್ದಪ್ಪ, ಸ್ಟೂಲಿನಿಂದ ಎದ್ದು.

*

ಠಾಣೆಯ ಗೇಟಿನ ಹೊರಗೆ ಹಂಪಮ್ಮ ಕಾಯುತ್ತಿದ್ದಳು. ಸೆರಗಿನೊಳಗಿಂದ ರೊಟ್ಟಿಯ ಗಂಟು ತೆಗೆದಳು.

"ಅಣ್ಣಾ, ಒಳಗ ಬಿಡವಲ್ರು. ಇದನ್ನ ಹೆಂಗರ ಅವ್ರಿಗೆ ಮುಟ್ಟಿಸ್ರಿ."

"ಉಣ್ಣಾಕ ಹೇಳ್ತೀನಿ. ನೀನೂ ಉಣ್ಣು. ನಾಳೆ ಅವ ಬರ್ತಾನ." ಈ ಸಲ ಕೆಂಚಣ್ಣನ ದನಿಯಲ್ಲಿ ಅಳುಕಿರಲಿಲ್ಲ.

ಗಂಟು ಇಸಿದುಕೊಂಡವನು ಗವಿಸಿದ್ದಪ್ಪ. "ರಾತ್ರಿ ಕಾವಲು ನಂದ ಐತಿ ತಂಗೆವ್ವ. ಕೆಂಚಣ್ಣನ್ನ ಮನೀಗೆ ಬಿಟ್ಟು ಬರ್ತೀನಿ, ಬಂದು ನಾನ ಕುಂದ್ರಿಸಿ ಉಣ್ಣಸ್ತೀನಿ," ಅಂದ. ಹಂಪಮ್ಮ ಅವನಿಗೆ ಕೈ ಮುಗಿದಳು.

ಓಣಿಯ ಬಾಯಲ್ಲಿ ಕೆಂಚಣ್ಣ ಬ್ಯಾಟರಿ, ಪಾನಾಚೀಲ ಇಳಿಸಿಕೊಂಡ. ಮನೆಗೂ ಅಂಗಡಿಗೂ ಒಂದೇ ಆದ ಕಟ್ಟೆಯ ಮೇಲೆ ಬಂದು ಕುಸಿದ. ಸ್ವಲ್ಪ ಹೊತ್ತಿಗೆ ಹೆಂಡತಿ ಜೋಗಮ್ಮ ಬೀದಿ ನಲ್ಲಿಯಿಂದ ಕೊಡ ಹೊತ್ತುಕೊಂಡು ಬಂದಳು. ಅವಳಿಗೆ ಅವನು ಎಲ್ಲವನ್ನೂ ಹೇಳುವುದು ವಾಡಿಕೆ. ಕಡ್ಡಿ, ಲಾಕಪ್ಪು, ಎರ್ರೆಪ್ಪ ಅತ್ತದ್ದು, ಎಲ್ಲ ಹೇಳಿದ.

"ಬ್ಯಾಟರಿ ಎಲ್ಲಿಂದ ಬಂತು ಅಂತ ತಿಳೀವಲ್ದು ನೋಡು. ಬಳ್ಳಾರ್ಯಾಗ ಇರೋವ ಆರು ಅಂಗಡಿ. ನವಮಿ ದಿನ ಆರೂ ಬಂದ್. ವಿಭೂತಿ ಹಚ್ಚಿ ಪೂಜಿಗಿಟ್ಟ ಬ್ಯಾಟರಿ ಎತ್ತಿ ಕೊಡೋ ಹುಚ್ಚ ಯಾವನಾದಾನ?"

ಜೋಗಮ್ಮ ಕೊಡ ಇಳಿಸುತ್ತಿದ್ದವಳು ಅರ್ಧಕ್ಕೇ ನಿಂತಳು. ನೀರು ಚೆಲ್ಲಿ ಅವಳ ಕಾಲು ತೊಯ್ದವು.

"ಬೈಬ್ಯಾಡ್ರಿ," ಅಂದಳು. "ನಾನ ಕೊಟ್ಟೆ."

ಕೆಂಚಣ್ಣನಿಗೆ ಕೇಳಿಸಿತು, ಅರ್ಥವಾಗಲಿಲ್ಲ.

"ಹಬ್ಬದ ಊಟ ಮಾಡಿ ನೀವು ಮಲಗಿದ್ರಿ. ಒಬ್ಬಾತ ಮೋಟರ್ ಸೈಕಲ್ ಮ್ಯಾಲೆ ಬಂದ. ಕಾಲುವಿ ಆಫೀಸಿನ ಜೀಪು ನಿಂತೈತಿ, ಬಸುರಿ ಹೆಂಗಸ್ನ ಆಸ್ಪತ್ರಿಗೆ ಒಯ್ಯಬೇಕು, ಒಂದು ದಿನದ ಮಟ್ಟಿಗೆ ಕೊಡ್ರಿ ಅಂತ ಕೈ ಮುಗ್ದ. ಬಸುರಿ ಅಂದ ಮ್ಯಾಲೆ ಹೆಂಗ ಇಲ್ಲ ಅನ್ಲಿ? ಸಾಲಿನ ಕೊನೀದು ಎತ್ತಿ ಗೋಣಿಚೀಲದಾಗ ಹಾಕ್ಕೊಂಡು ಹೋದ. ಪೂಜಿಗಿಟ್ಟಿದ್ದು ಕೊಟ್ಟೀನಿ ಅಂದ್ರ ನೀವು ಸಿಟ್ಟಿಗೇಳ್ತೀರಂತ ಹೇಳ್ಲಿಲ್ಲ. ದಶಮಿ ದಿನ ನಸುಕಿನ್ಯಾಗ, ನಾ ಕಸ ಹೊಡೀತಿದ್ದೆ, ಅವನ ತಂದು ಇಟ್ಟು ಹೋದ. ನೀವು ಗುಡಿಗೆ ಹೋಗಿದ್ರಿ."

"ಹೆಸರು? ಹೆಸರು ಹೇಳಿದ್ನೇನು?"

"ಹೇಳಿದ. ಹಚ್ಚೊಳ್ಳಿ ತೂಬಿನ ಮಲ್ಲಯ್ಯ ಅಂತ."

ಕೆಂಚಣ್ಣ ಎದ್ದ. ಮಲ್ಲಯ್ಯ ನವಮಿ ಸಂಜೆಯೇ ಎರ್ರೆಪ್ಪನ ತೊಡೆಯ ಮೇಲೆ ಪ್ರಾಣ ಬಿಟ್ಟಿದ್ದ. ದಶಮಿಯ ನಸುಕಿನಲ್ಲಿ ಅವನು ಬ್ಯಾಟರಿ ಹೊತ್ತು ತರುವುದೆಲ್ಲಿಂದ? ಬಂದವನು ಬೇರೆ. ನವಮಿಯ ಮಧ್ಯಾಹ್ನ, ಮಲ್ಲಯ್ಯ ಇನ್ನೂ ಅಕ್ಕನ ಮನೆಯಲ್ಲಿ ಹೋಳಿಗೆ ಉಣ್ಣುತ್ತಿದ್ದಾಗಲೇ, ನಾನಲ್ಲ ಅನ್ನಲು ಇನ್ನು ಇವನು ಉಳಿದಿರುವುದಿಲ್ಲ ಎಂದು ಅವನ ಹೆಸರನ್ನು ಎತ್ತಿ ಬಳಸಿದ್ದರು. ಎಂಥ ಜನ ಇವರು!

"ಜೋಗೀ, ಕಂಡ್ರ ಗುರುತು ಹಿಡೀತೀಯೇನ? ನಾಳೆ ಕೋರ್ಟಿನ್ಯಾಗ ಬಂದು ಹೇಳ್ತೀಯೇನ? ನೀ ಒಬ್ಬಾಕಿ ಹೇಳಿದ್ರ ಎರ್ರ್ಯಾ ಉಳೀತಾನ."

"ಗುರುತು ಹಿಡಿಯಾಕ ನಾಳೆ ತನಕ ಯಾಕ?" ಅಂದಳು ಜೋಗಮ್ಮ, ಗಂಡನ ಮುಖ ನೋಡಿ ಹೆದರುತ್ತಾ. "ಈಗ ನಲ್ಲಿ ಹತ್ರ ನೋಡಿದೆ. ಅವ ನನ್ನ ನೋಡ್ಲಿಲ್ಲ. ಅವತ್ತ ಪಂಚಿ ಉಟ್ಟಿದ್ದ, ಇವತ್ತ ಪೊಲೀಸ್ ಬಟ್ಟಿ ಹಾಕ್ಯಾನ, ಅಷ್ಟ ಫರಕು. ನಿಮ್ಮನ್ನ ಜೀಪಿನ್ಯಾಗ ಕರ್ಕೊಂಡು ಬಂದು ಇಳಿಸಿದ್ನಲ್ಲ, ಅವನ."

ಕೆಂಚಣ್ಣ ಬರಿಗಾಲಲ್ಲೇ ಓಣಿಯ ಬಾಯಿಗೆ ಓಡಿದ. ಜೀಪು ಇರಲಿಲ್ಲ. ಠಾಣೆ ಎರಡು ಮೈಲಿ. ಎರ್ರೆಪ್ಪ ಹೇಳಿದ ಒಂದೊಂದು ಮಾತನ್ನೂ ಬಾಗಿಲಲ್ಲಿ ಕೂತು ಕೇಳಿಸಿಕೊಂಡವನು, ಅರ್ಧಕ್ಕೇ ತಡೆದವನು, ಲಾಕಪ್ಪಿನ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡವನು ಈಗ ಅಲ್ಲಿಗೇ ಹೋಗುತ್ತಿದ್ದ. ಹಂಪಮ್ಮನ ರೊಟ್ಟಿಗಂಟು ಅವನ ಪಕ್ಕದ ಸೀಟಿನ ಮೇಲಿತ್ತು, ಮತ್ತು ಹೆಂಡತಿ ಕಳಿಸಿದ್ದು ಅಂದರೆ ಎರ್ರೆಪ್ಪ ಅದರಲ್ಲಿ ಏನು ಬೆರೆಸಿಕೊಟ್ಟರೂ ಹಿಂದೆಮುಂದೆ ನೋಡದೆ ಬಾಯಿಗಿಡುತ್ತಿದ್ದ.